ಕೋವಿಯ ಕಣ್ಣು ಮತ್ತು ಒಂದು ತಿರುಪುಮೊಳೆ

ಕನ್ನಡಕ ಹಾಕಿಕೊಳ್ಳುವವರಿಗೆ ಈ ಅನುಭವ ಇದ್ದೇ ಇರುತ್ತದೆ. ಗಾಜು ಹೊಸದು, ನಂಬರು ಸರಿಯಾಗಿದೆ, ವೈದ್ಯರು ಪರೀಕ್ಷಿಸಿಯೇ ಬರೆದುಕೊಟ್ಟದ್ದು. ಆದರೂ ಅಕ್ಷರ ಕಲಸಿದಂತೆ ಕಾಣುತ್ತದೆ, ತಲೆ ನೋಯುತ್ತದೆ. ಕೊನೆಗೆ ನೋಡಿದರೆ ಕಾಲಿನ ಬಳಿಯ ಸಾಸಿವೆ ಗಾತ್ರದ ತಿರುಪುಮೊಳೆ ಸಡಿಲವಾಗಿ, ಕನ್ನಡಕ ಮೂಗಿನ ಮೇಲೆ ಓರೆಯಾಗಿ ಕುಳಿತಿರುತ್ತದೆ. ಗಾಜಿನದೇನೂ ತಪ್ಪಿಲ್ಲ. ಗಾಜು ಕೂತ ರೀತಿ ತಪ್ಪು.

ಕನ್ನಡಕದ ವಿಷಯದಲ್ಲಿ ಇದರಿಂದ ಆಗುವ ನಷ್ಟ ಒಂದಿಷ್ಟು ತಲೆನೋವು ಮಾತ್ರ. ಆದರೆ ಇದೇ ಬಗೆಯ ಒಂದು ಮೊಳೆ ಸಡಿಲವಾದದ್ದಕ್ಕೆ, ಇದೇ ಬಗೆಯ ಒಂದು ಗಾಜು ಓರೆಯಾಗಿ ಕೂತದ್ದಕ್ಕೆ ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರು ಪ್ರಾಣ ತೆತ್ತರು. ರೈಫಲ್ಲಿನ ಮೇಲೆ ದೂರದರ್ಶಕವನ್ನು ಕೂರಿಸುವ ಕೆಲಸ ಮೇಲುನೋಟಕ್ಕೆ ಕಮ್ಮಾರನ ಅರ್ಧ ದಿನದ ಕೆಲಸದಂತೆ ತೋರುತ್ತದೆ. ಅದನ್ನು ಸರಿಯಾಗಿ ಮಾಡುವುದನ್ನು ಕಲಿಯಲು ಮನುಷ್ಯನಿಗೆ ಸುಮಾರು ನೂರು ವರ್ಷ ಹಿಡಿಯಿತೆಂಬುದು ಆಶ್ಚರ್ಯದ ಸಂಗತಿ.

ಜೇಡರ ಬಲೆಯ ಎಳೆ

ದೂರದರ್ಶಕ ಹುಟ್ಟಿದ್ದು 17ನೆಯ ಶತಮಾನದ ಆರಂಭದಲ್ಲಿ. ಅದು ದೂರದ್ದನ್ನು ಹತ್ತಿರಕ್ಕೆ ತಂದು ತೋರಿಸಿತು. ಆದರೆ ‘ನೋಡುವುದು’ ಬೇರೆ, ‘ಗುರಿಯಿಡುವುದು’ ಬೇರೆ. ಗುರಿಯಿಡಬೇಕಾದರೆ ಕಾಣುವ ದೃಶ್ಯದ ಮೇಲೆ ಒಂದು ನಿಶ್ಚಿತ ಬಿಂದು ಬೇಕು. ಅದು ಒದಗಿ ಬಂದದ್ದು ಖಗೋಳ ವಿಜ್ಞಾನದಿಂದ. 1640ರ ಸುಮಾರಿಗೆ ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕಾಯ್ನ್ ಎಂಬ ತರುಣನ ದೂರದರ್ಶಕದೊಳಗೆ ಜೇಡವೊಂದು ಎಳೆ ಕಟ್ಟಿತ್ತಂತೆ. ಆ ಎಳೆ ಮಸೂರದ ನಾಭಿಯಲ್ಲೇ ಇದ್ದುದರಿಂದ ಅದೂ ನಕ್ಷತ್ರವೂ ಒಟ್ಟಿಗೆ ಸ್ಪಷ್ಟವಾಗಿ ಕಂಡವು. ಇಂದು ರೈಫಲ್ಲಿನ ದೂರದರ್ಶಕದೊಳಗೆ ಕಾಣುವ ಅಡ್ಡಗೆರೆ, ನೆಟ್ಟಗೆರೆಗಳ ಮೂಲಪುರುಷ ಆ ಜೇಡವೇ ಎನ್ನಬೇಕು. ಗ್ಯಾಸ್ಕಾಯ್ನ್ ಹೆಚ್ಚು ದಿನ ಬದುಕಲಿಲ್ಲ. ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ಹರೆಯದಲ್ಲೇ ಮಡಿದ.

ಅದಾದ ಮೇಲೆ ಸುಮಾರು ಇನ್ನೂರು ವರ್ಷ ಈ ಉಪಾಯ ಕೋವಿಯ ಮೇಲೆ ಏರಲಿಲ್ಲ. ಕಾರಣ ಸರಳ. ಅಂದಿನ ಕೋವಿ ಹಾರಿಸಿದ ಗುಂಡು ನೂರು ಗಜದಾಚೆ ಎಲ್ಲಿ ಬೀಳುತ್ತದೆಂದು ಹೇಳುವಂತಿರಲಿಲ್ಲ. ಗುಂಡೇ ನೆಟ್ಟಗೆ ಹೋಗದಿದ್ದಾಗ ಕಣ್ಣು ಚುರುಕಾಗಿ ಏನು ಪ್ರಯೋಜನ? ನಳಿಕೆಯ ಒಳಗೆ ಸುರುಳಿ ಗೀರು ಕೊರೆದ ರೈಫಲ್ ಪಳಗಿದ ಮೇಲೆ, ಅಂದರೆ 19ನೆಯ ಶತಮಾನದಲ್ಲಿ, ದೂರದರ್ಶಕಕ್ಕೆ ಕೆಲಸ ಬಂತು.

ಈ ಕಥೆಯ ಆರಂಭದಲ್ಲೇ ಭಾರತದ ನಂಟೊಂದಿದೆ. ಈಸ್ಟ್ ಇಂಡಿಯಾ ಕಂಪನಿಯ ಬೊಂಬಾಯಿ ಸೈನ್ಯದಲ್ಲಿದ್ದ ಡೇವಿಡ್ ಡೇವಿಡ್‌ಸನ್ ಎಂಬ ಸ್ಕಾಟಿಷ್ ಅಧಿಕಾರಿ ರೈಫಲ್ಲಿಗೆ ದೂರದರ್ಶಕ ಜೋಡಿಸುವ ಪ್ರಯೋಗಗಳಲ್ಲಿ ತೊಡಗಿದವರ ಪೈಕಿ ಮುಂಚೂಣಿಯವನು. ಅತ್ತ ಅಮೆರಿಕದಲ್ಲಿ ಜಾನ್ ಚಾಪ್ಮನ್ ಎಂಬ ಎಂಜಿನಿಯರ್ 1848ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಂಥ ಸಾಧನವನ್ನು ವಿವರಿಸಿದ. ನ್ಯೂಯಾರ್ಕ್ ಪ್ರಾಂತದ ಸಿರಕ್ಯೂಸ್ ಊರಿನ ವಿಲಿಯಂ ಮಾಲ್ಕಂ 1855ರಿಂದ ಇವನ್ನು ತಯಾರಿಸಿ ಮಾರತೊಡಗಿದ. ಅಮೆರಿಕದ ಈ ದೂರದರ್ಶಕಗಳು ನಳಿಕೆಯಷ್ಟೇ ಉದ್ದದ ತೆಳು ಕೊಳವೆಗಳು. ಹಿಂದೊಂದು, ಮುಂದೊಂದು ಆಸರೆಯ ಮೇಲೆ, ದಂಡಿಗೆಯ ಮೇಲೆ ಮಲಗಿಸಿದ ಕೊಳಲಿನಂತೆ ಅವು ಕೂತಿರುತ್ತಿದ್ದವು.

ಡೇವಿಡ್‌ಸನ್ ಮಾದರಿಯ ದೂರದರ್ಶಕ ಇಂಗ್ಲೆಂಡಿನ ವಿಟ್‌ವರ್ತ್ ರೈಫಲ್ಲಿನ ಎಡಪಕ್ಕಕ್ಕೆ ಅಂಟಿಕೊಂಡು ಅಮೆರಿಕದ ಅಂತರ್ಯುದ್ಧಕ್ಕೂ ಹೋಯಿತು. ದಕ್ಷಿಣದ ಸೈನ್ಯದ ಗುರಿಕಾರರು ಅದನ್ನು ಬಳಸಿದರು. ಗುರಿಯಿಡುವಾಗ ಕೊಳವೆಯ ಹಿಂತುದಿಯನ್ನು ಕಣ್ಣಿಗೆ ತಾಗಿಸಿಕೊಳ್ಳಬೇಕಿತ್ತು. ಗುಂಡು ಹಾರಿದೊಡನೆ ರೈಫಲ್ ಹಿಂದಕ್ಕೆ ಒದೆಯುತ್ತಿತ್ತು. ಕಾಳಗ ಮುಗಿಯುವ ಹೊತ್ತಿಗೆ ಗುರಿಕಾರರ ಕಣ್ಣಿನ ಸುತ್ತ ಕಪ್ಪಗೆ ಬಾತುಕೊಂಡಿರುತ್ತಿತ್ತೆಂದು ಅವರನ್ನು ಕಂಡ ಅಧಿಕಾರಿಯೊಬ್ಬ ಬರೆದಿಟ್ಟಿದ್ದಾನೆ. ದೂರದರ್ಶಕವನ್ನು ಎಲ್ಲಿ ಕೂರಿಸಬೇಕು, ಕಣ್ಣಿನಿಂದ ಎಷ್ಟು ದೂರದಲ್ಲಿರಬೇಕು ಎಂಬುದು ಪ್ರತ್ಯೇಕವಾಗಿ ಯೋಚಿಸಬೇಕಾದ ವಿಷಯವೆಂದು ಮನುಷ್ಯ ಕಲಿತದ್ದು ಹೀಗೆ, ಪೆಟ್ಟು ತಿಂದು.

ಕೂದಲೆಳೆಯ ಲೆಕ್ಕ

ಮುಂದೆ ಹೋಗುವ ಮುನ್ನ ಚಿಕ್ಕದೊಂದು ಲೆಕ್ಕ ಮಾಡೋಣ. ದೂರದರ್ಶಕವನ್ನು ಹಿಡಿದಿರುವ ಎರಡು ಆಸರೆಗಳ ನಡುವೆ 10 ಸೆಂಟಿಮೀಟರ್ ಅಂತರವಿದೆ ಎಂದುಕೊಳ್ಳಿ. ಅವುಗಳಲ್ಲಿ ಒಂದರ ಮೊಳೆ ಸಡಿಲವಾಗಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ, ಅಂದರೆ ದಪ್ಪನೆಯ ತಲೆಗೂದಲಿನಷ್ಟು ಸರಿಯಿತು ಎನ್ನಿ. ಸಾವಿರಕ್ಕೆ ಒಂದರ ಪ್ರಮಾಣದಲ್ಲಿ ನೋಟ ಓರೆಯಾಯಿತು. ನೂರು ಮೀಟರ್ ದೂರದಲ್ಲಿ ಗುಂಡು 10 ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಮುನ್ನೂರು ಮೀಟರಿಗೆ 30 ಸೆಂಟಿಮೀಟರ್. ಮನುಷ್ಯನ ತಲೆಯ ಅಗಲ ಸುಮಾರು 15 ಸೆಂಟಿಮೀಟರ್. ಕೂದಲೆಳೆಯಷ್ಟು ಸರಿದರೆ ಸಾಕು, ಗುರಿ ಪೂರ್ತಿ ತಪ್ಪುತ್ತದೆ.

ಇನ್ನೊಂದು ತೊಡಕೂ ಉಂಟು. ಕಣ್ಣಿನ ನೋಟ ಹೋಗುವ ಗೆರೆ ಒಂದು, ಗುಂಡು ಹೋಗುವ ಗೆರೆ ಮತ್ತೊಂದು. ದೂರದರ್ಶಕ ನಳಿಕೆಯ ನೇರ ಮೇಲಿದ್ದರೆ ಈ ಎರಡು ಗೆರೆಗಳ ವ್ಯತ್ಯಾಸ ಮೇಲೆ ಕೆಳಗೆ ಮಾತ್ರ. ಪಕ್ಕದಲ್ಲಿದ್ದರೆ ಎಡಬಲದ ವ್ಯತ್ಯಾಸವೂ ಸೇರಿಕೊಳ್ಳುತ್ತದೆ. ದೂರದರ್ಶಕ ನಳಿಕೆಯಿಂದ ನಾಲ್ಕು ಸೆಂಟಿಮೀಟರ್ ಎಡಕ್ಕಿದ್ದು, ನೂರು ಮೀಟರಿನಲ್ಲಿ ಎರಡೂ ಗೆರೆ ಕೂಡುವಂತೆ ಹೊಂದಿಸಿದ್ದರೆ, ಇನ್ನೂರು ಮೀಟರಿನಲ್ಲಿ ಗುಂಡು ನಾಲ್ಕು ಸೆಂಟಿಮೀಟರ್ ಎಡಕ್ಕೆ ಹೋಗಿರುತ್ತದೆ. ಹತ್ತಿರದ ಗುರಿಗೆ ಒಂದು ಲೆಕ್ಕ, ದೂರದ ಗುರಿಗೆ ಇನ್ನೊಂದು. ಪ್ರಾಣಭಯದಲ್ಲಿರುವ ಸೈನಿಕ ಆ ಕ್ಷಣದಲ್ಲಿ ತ್ರೈರಾಶಿಕ ಮಾಡುತ್ತ ಕೂರಲಾರ.

ಹಾಗಿದ್ದರೆ ಪಕ್ಕದಲ್ಲೇಕೆ ಕೂರಿಸಬೇಕು? ಅದಕ್ಕೂ ಕಾರಣವಿತ್ತು. 20ನೆಯ ಶತಮಾನದ ಆರಂಭದ ಸೈನ್ಯದ ರೈಫಲ್ಲುಗಳಿಗೆ ತೋಟಾಗಳನ್ನು ಐದೈದರ ಕಂತೆಯಲ್ಲಿ ಮೇಲಿನಿಂದ ಒತ್ತಿ ತುಂಬುತ್ತಿದ್ದರು. ನೆತ್ತಿಯ ಮೇಲೆ ದೂರದರ್ಶಕ ಕೂತರೆ ಆ ಬಾಯಿ ಮುಚ್ಚಿಹೋಗುತ್ತದೆ. ಬೇಗ ತುಂಬುವ ಅನುಕೂಲ ಬಿಡಲು ಸೈನ್ಯದ ಹಿರಿಯರಿಗೆ ಮನಸ್ಸಿರಲಿಲ್ಲ. ಆದ್ದರಿಂದ ದೂರದರ್ಶಕ ಎಡಕ್ಕೆ ಸರಿಯಿತು. ನಿಂತಲ್ಲೇ ಕಾದು ಕೂತು ಒಂದೇ ಗುಂಡು ಹಾರಿಸುವವನಿಗೆ ಐದರ ಕಂತೆಯ ಆತುರವಿಲ್ಲ ಎಂಬುದು ಕಚೇರಿಯಲ್ಲಿ ಕೂತವರಿಗೆ ಹೊಳೆಯಲಿಲ್ಲ.

ಝಾನ್ಸಿಯಲ್ಲಿ ಹುಟ್ಟಿದ ಬೇಟೆಗಾರ

1914ರಲ್ಲಿ ಮಹಾಯುದ್ಧ ಹೊತ್ತಿಕೊಂಡಿತು. ಆ ವರ್ಷ ಮುಗಿಯುವ ಹೊತ್ತಿಗೆ ಪಶ್ಚಿಮ ರಂಗದಲ್ಲಿ ಎರಡೂ ಕಡೆಯವರು ಕಂದಕ ತೋಡಿ ಎದುರುಬದುರಾಗಿ ಕೂತರು. ತಲೆ ಮೇಲೆತ್ತಿದರೆ ಗುಂಡು. ಜರ್ಮನಿಯಲ್ಲಿ ಕಾಡುಬೇಟೆಯ ಹಳೆಯ ಪರಂಪರೆಯಿತ್ತು, ಒಳ್ಳೆಯ ಮಸೂರ ತಯಾರಿಸುವ ಕಾರ್ಖಾನೆಗಳಿದ್ದವು, ಬೇಟೆಯ ರೈಫಲ್ಲಿಗೆ ದೂರದರ್ಶಕ ಕೂರಿಸಿ ಪಳಗಿದ ಕೋವಿ ಕಸುಬುದಾರರಿದ್ದರು. ಬ್ರಿಟನ್ನಿಗೆ ಅವಸರದಲ್ಲಿ ಎಲ್ಲವನ್ನೂ ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. ಬ್ರಿಟಿಷ್ ಸೈನಿಕರು ದಿನವೂ ಸಾಯುತ್ತಿದ್ದರು. ತಿರುಗಿ ಹೊಡೆಯುವ ಉಪಾಯ ಅವರಲ್ಲಿರಲಿಲ್ಲ.

ಈ ಸ್ಥಿತಿಯನ್ನು ಕಣ್ಣಾರೆ ಕಂಡು ಬದಲಿಸಲು ಹೊರಟವನು ಹೆಸ್ಕೆತ್ ಹೆಸ್ಕೆತ್-ಪ್ರಿಚರ್ಡ್. 1876ರಲ್ಲಿ ನಮ್ಮ ಝಾನ್ಸಿಯಲ್ಲಿ ಹುಟ್ಟಿದವನು. ಸೈನ್ಯಾಧಿಕಾರಿಯಾಗಿದ್ದ ತಂದೆ ಮಗ ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಮಗುವನ್ನು ಎತ್ತಿಕೊಂಡು ತಾಯಿ ಇಂಗ್ಲೆಂಡಿಗೆ ಮರಳಿದರು. ಮುಂದೆ ಈತ ಕಥೆಗಾರನಾದ, ಪಟಗೋನಿಯಾ, ಲ್ಯಾಬ್ರಡಾರ್‌ಗಳಲ್ಲಿ ಅಲೆದ ಪ್ರವಾಸಿಯಾದ, ಹೆಸರಾಂತ ಬೇಟೆಗಾರನಾದ. ನಮ್ಮ ಓದುಗರಿಗೆ ಇನ್ನೊಂದು ಸಂಗತಿ ಹಿಡಿಸೀತು: ಹ್ಯಾಂಪ್‌ಷೈರ್ ತಂಡದ ಪರವಾಗಿ ಆಡಿದ ವೇಗದ ಬೌಲರ್ ಆತ.

ಯುದ್ಧ ಶುರುವಾದಾಗ ವಯಸ್ಸು ಹೆಚ್ಚಾಯಿತೆಂದು ಅವನಿಗೆ ಕಾಳಗದ ಕೆಲಸ ಸಿಗಲಿಲ್ಲ. 1915ರಲ್ಲಿ ಪತ್ರಕರ್ತರನ್ನು ರಣರಂಗ ಸುತ್ತಿಸಿ ತೋರಿಸುವ ಅಧಿಕಾರಿಯಾಗಿ ಫ್ರಾನ್ಸಿಗೆ ಹೋದ. ತನ್ನ ಸ್ವಂತದ ದೂರದರ್ಶಕದ ರೈಫಲ್ಲುಗಳನ್ನು ಜೊತೆಗೊಯ್ದ. ಕಂದಕಗಳಿಗೆ ಹೋದಾಗಲೆಲ್ಲ ಅಲ್ಲಿನವರ ರೈಫಲ್ಲುಗಳನ್ನು ಪರೀಕ್ಷಿಸತೊಡಗಿದ.

ಅವನು ಕಂಡದ್ದು ದಿಗಿಲು ಹುಟ್ಟಿಸುವಂತಿತ್ತು. ದೂರದರ್ಶಕಗಳು ಬಂದಿದ್ದವು, ಸಾಲದಾದರೂ ಇದ್ದವು. ಆದರೆ ಅವುಗಳಲ್ಲಿ ಹೆಚ್ಚಿನವು ಎಲ್ಲಿ ನೋಡುತ್ತಿದ್ದವೋ ಅಲ್ಲಿಗೆ ಗುಂಡು ಹೋಗುತ್ತಿರಲಿಲ್ಲ. ರೈಫಲ್ ಕೈಗೆ ಬಂದ ಸೈನಿಕನಿಗೆ ಅದರ ಬಗ್ಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಕಾಣಿಸಿದ ತಿರುಪನ್ನೆಲ್ಲ ತಿರುಗಿಸುವುದು ಮನುಷ್ಯಸಹಜ ಚಪಲ. ಒಬ್ಬನ ಕಣ್ಣಿಗೆ ಹೊಂದಿಸಿದ್ದನ್ನು ಮತ್ತೊಬ್ಬ ಕೆದಕುತ್ತಿದ್ದ. ಆಸರೆಯ ಮೊಳೆಗಳು ಸಡಿಲಗೊಳ್ಳುತ್ತಿದ್ದವು. ಗುರಿಫಲಕದ ಮೇಲೆ ಹೊಡೆದು ನೋಡದೆಯೇ ಅದನ್ನು ಹಿಡಿದು ವಾರಗಟ್ಟಲೆ ಕಾದು ಕೂತವರಿದ್ದರು. ಶತ್ರುವಿನ ತಲೆಗೆ ಗುರಿಯಿಟ್ಟು ಹೊಡೆದ ಗುಂಡು ಅಡಿಗಟ್ಟಲೆ ಪಕ್ಕಕ್ಕೆ ಹೋಗಿ, ತಾನು ಅಡಗಿದ ಜಾಗವನ್ನು ಮಾತ್ರ ಶತ್ರುವಿಗೆ ತೋರಿಸಿಕೊಡುತ್ತಿತ್ತು. ಮರುಗುಂಡು ಬರುತ್ತಿದ್ದುದು ಪಳಗಿದ ಕೈಯಿಂದ.

ಎಡಪಕ್ಕದ ಜೋಡಣೆ ಮತ್ತೊಂದು ಬಗೆಯಲ್ಲೂ ಮುಳುವಾಯಿತು. ಕಂದಕದಲ್ಲಿ ಗುರಿಕಾರ ಉಕ್ಕಿನ ತಗಡಿನ ಹಿಂದೆ ಅಡಗಿ, ಅದರಲ್ಲಿನ ಕಿಂಡಿಯಿಂದ ನಳಿಕೆ ತೂರಿಸುತ್ತಿದ್ದ. ಕಿಂಡಿ ಕಿರಿದಾದಷ್ಟೂ ಅವನಿಗೆ ಕ್ಷೇಮ. ನಳಿಕೆ ಕಿಂಡಿಯಲ್ಲಿ ನಿಂತಾಗ, ಅದರ ಎಡಕ್ಕಿರುವ ದೂರದರ್ಶಕದ ಎದುರಿಗೆ ಬಂದದ್ದು ಶತ್ರುವಲ್ಲ, ಉಕ್ಕಿನ ತಗಡು! ಕಿಂಡಿಯನ್ನು ಅಗಲ ಮಾಡಿದರೆ ಶತ್ರುವಿನ ಗುಂಡಿಗೂ ದಾರಿ ಅಗಲ. ಪ್ರಿಚರ್ಡ್ ಯುದ್ಧಾನಂತರ 1920ರಲ್ಲಿ ಪ್ರಕಟಿಸಿದ ‘ಸ್ನೈಪಿಂಗ್ ಇನ್ ಫ್ರಾನ್ಸ್’ ಪುಸ್ತಕದಲ್ಲಿ ಈ ಜೋಡಣೆಯ ಬಗ್ಗೆ ತನ್ನ ಸಿಟ್ಟನ್ನು ಬಚ್ಚಿಟ್ಟಿಲ್ಲ.

ಕೆನಡಾದ ಸೈನಿಕರ ಪಾಡೂ ಭಿನ್ನವಾಗಿರಲಿಲ್ಲ. ಅವರ ರಾಸ್ ರೈಫಲ್ಲಿಗೆ ಅಮೆರಿಕದ ವಾರ್ನರ್ ಅಂಡ್ ಸ್ವೇಸಿ ಕಾರ್ಖಾನೆಯ ದೂರದರ್ಶಕ ಬಂತು. ವಿಶೇಷವೆಂದರೆ ಅದು ಖಗೋಳ ವೀಕ್ಷಣಾಲಯಗಳಿಗೆ ಭಾರೀ ದೂರದರ್ಶಕಗಳನ್ನು ನಿರ್ಮಿಸಿ ಹೆಸರಾದ ಸಂಸ್ಥೆ. ಆದರೆ ವೀಕ್ಷಣಾಲಯದ ದೂರದರ್ಶಕಕ್ಕೆ ಗುಂಡಿನ ಒದೆತವಿಲ್ಲ. ರೈಫಲ್ಲಿನ ಮೇಲೆ ಅದರ ಜೋಡಣೆ ಅಲುಗಾಡತೊಡಗಿತು. ಕೆನಡಾ ಸೈನ್ಯದಲ್ಲಿದ್ದ ಹರ್ಬರ್ಟ್ ಮೆಕ್‌ಬ್ರೈಡ್ ಎಂಬಾತ ಮುಂದೆ ಬರೆದ ನೆನಪುಗಳ ಪ್ರಕಾರ ಸೈನಿಕರು ಹಳೆಯ ರೇಜರ್ ಬ್ಲೇಡು, ಮರದ ಚಕ್ಕೆಗಳನ್ನು ಸಂದಿಗೆ ತುರುಕಿ ಅದನ್ನು ಬಿಗಿಮಾಡಿಕೊಳ್ಳುತ್ತಿದ್ದರು. ಅಲುಗುವ ಮೇಜಿನ ಕಾಲಿಗೆ ರಟ್ಟು ಮಡಿಸಿ ಇಡುವ ನಮ್ಮ ಉಪಾಯವೇ ಅಲ್ಲಿಯೂ ನಡೆಯಿತು.

ಪ್ರಿಚರ್ಡ್ ಹೊಸ ಮಸೂರವನ್ನೇನೂ ಕಂಡುಹಿಡಿಯಲಿಲ್ಲ. ಅವನು ಮಾಡಿದ್ದು ಮೂರು ಸರಳ ಕೆಲಸ. ಪ್ರತಿ ರೈಫಲ್ಲನ್ನೂ ಗುರಿಫಲಕದ ಮೇಲೆ ಹೊಡೆದು ಪರೀಕ್ಷಿಸಿ ಹೊಂದಿಸಬೇಕು. ಒಂದು ರೈಫಲ್ ಒಬ್ಬನ ಕೈಯಲ್ಲೇ ಇರಬೇಕು. ಅವನಿಗೆ ಅದನ್ನು ಕಾಪಾಡುವುದನ್ನು ಕಲಿಸಬೇಕು. ಇದಕ್ಕಾಗಿ 1916ರಲ್ಲಿ ಫ್ರಾನ್ಸಿನ ಲಿಂಗೆಮ್ ಎಂಬ ಹಳ್ಳಿಯಲ್ಲಿ ಶಾಲೆಯನ್ನೇ ತೆರೆದ. ಸ್ಕಾಟ್ಲೆಂಡಿನ ಜಿಂಕೆಬೇಟೆಯ ಗುಡ್ಡಗಳಲ್ಲಿ ದುರ್ಬೀನು ಹಿಡಿದು ಬೆಳೆದ ಲೊವಾಟ್ ಸ್ಕೌಟ್ಸ್ ದಳದವರು ನೋಡುವ ವಿದ್ಯೆ ಕಲಿಸಿದರು. ರಟ್ಟು ಕಾಗದದ ಹುಸಿ ತಲೆಗಳನ್ನು ಕಂದಕದ ಮೇಲೆತ್ತಿ, ಅದಕ್ಕೆ ಬಿದ್ದ ಗುಂಡಿನ ತೂತುಗಳ ನೇರಕ್ಕೆ ನೋಡಿ ಶತ್ರು ಅಡಗಿದ ತಾಣ ಹಿಡಿಯುವ ಉಪಾಯವೂ ಅವನ ಬಳಗದ್ದೇ. ನಿಧಾನವಾಗಿ ತಕ್ಕಡಿ ಸಮವಾಯಿತು. ಎಷ್ಟು ಮಂದಿಯನ್ನು ಕೊಂದೆವು ಎಂಬುದಕ್ಕಿಂತ, ಎಷ್ಟು ಮಂದಿ ನಮ್ಮವರು ತಲೆಯೆತ್ತಿ ಓಡಾಡುವಂತಾಯಿತು ಎಂಬುದರಿಂದ ಈ ಶಾಲೆಯನ್ನು ಅಳೆಯುವುದು ನ್ಯಾಯ. ಯುದ್ಧದಿಂದ ಜರ್ಝರಿತನಾಗಿ ಮರಳಿದ ಪ್ರಿಚರ್ಡ್ 1922ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡ.

ಜೋಡಿ ಬಿಡಿಸದ ನಂಬರು

ಯುದ್ಧ ಮುಗಿದೊಡನೆ ಕಲಿತ ಪಾಠವನ್ನು ಮರೆಯುವುದು ಸೈನ್ಯಗಳ ಹಳೆಯ ಚಾಳಿ. ಎರಡನೆಯ ಮಹಾಯುದ್ಧ ಬಂದಾಗ ಬ್ರಿಟನ್ ಈ ವಿಷಯದಲ್ಲಿ ಮತ್ತೆ ಬರಿಗೈಲಿತ್ತು. ಆದರೆ ಈ ಬಾರಿ ಕೆಲಸ ಒಪ್ಪಿಸಿದ್ದು ಸರಿಯಾದ ಕೈಗೆ. ರಾಜಮಹಾರಾಜರಿಗೆ ಬೇಟೆಯ ಕೋವಿ ಮಾಡಿಕೊಡುತ್ತಿದ್ದ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಯವರು 1942ರಿಂದ, ನಿಖರತೆ ನೋಡಿ ಆರಿಸಿದ ಲೀ-ಎನ್‌ಫೀಲ್ಡ್ ರೈಫಲ್ಲುಗಳಿಗೆ ದೂರದರ್ಶಕ ಕೂರಿಸತೊಡಗಿದರು. ಇಂಥ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೈಫಲ್ಲುಗಳು ಅವರ ಕೈಯಿಂದ ಹೊರಬಂದವು.

ಅವರ ಕ್ರಮ ನೋಡಿ. ರೈಫಲ್ಲಿನ ಮೈಗೆ ಎರಡು ಉಕ್ಕಿನ ಪೀಠಗಳನ್ನು ಅಲುಗದಂತೆ ಕೂರಿಸಿದರು. ಅದಕ್ಕೆ ಹೊಂದುವ ಹಿಡಿಕೆಯನ್ನು ಎರಡು ದೊಡ್ಡ ತಿರುಪುಗಳಿಂದ ಕೈಯಲ್ಲೇ ಬಿಗಿಯುವಂತೆ ಮಾಡಿದರು. ಕೆನ್ನೆ ಒರಗಿಸಿದೊಡನೆ ಕಣ್ಣು ದೂರದರ್ಶಕದ ನೇರಕ್ಕೆ ಬರಲೆಂದು ಹಿಂಬದಿಯ ಮರಕ್ಕೆ ಮರದ್ದೇ ಒಂದು ದಿಂಬು ಕೂಡಿಸಿದರು. ಎಲ್ಲಕ್ಕಿಂತ ಮಿಗಿಲಾಗಿ, ಯಾವ ದೂರದರ್ಶಕ ಯಾವ ರೈಫಲ್ಲಿಗೆ ಹೊಂದಿಸಿದ್ದೋ ಅದರ ನಂಬರನ್ನು ರೈಫಲ್ಲಿನ ಮರದ ಮೇಲೆ ಒತ್ತಿದರು. ಒಂದರದ್ದು ಇನ್ನೊಂದಕ್ಕೆ ಹೋಗುವಂತಿಲ್ಲ. ಪ್ರಯಾಣದಲ್ಲಿ ದೂರದರ್ಶಕವನ್ನು ಬಿಚ್ಚಿ ತಗಡಿನ ಡಬ್ಬಿಯಲ್ಲಿಡಬಹುದು. ಮತ್ತೆ ಕೂರಿಸಿದರೆ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಪ್ರಿಚರ್ಡ್ ಪಾಠ ಹೇಳಿ ಕಲಿಸಿದ್ದನ್ನು ಇವರು ಉಕ್ಕಿನಲ್ಲೇ ಬರೆದಿಟ್ಟರು ಎನ್ನಬಹುದು.

ಸಾಮಾನ್ಯ ಬೇಟೆಗಾರನ ಕೈಗೆ ಈ ಸೌಲಭ್ಯ ತಲುಪಿದ್ದು ಅಮೆರಿಕದಲ್ಲಿ. ವಿಲಿಯಂ ವೀವರ್ ಎಂಬಾತ 1930ರಲ್ಲಿ ಅಗ್ಗದ ದೂರದರ್ಶಕವನ್ನು ಮಾರುಕಟ್ಟೆಗೆ ತಂದ. ಅವನ ಹೆಸರಿನ ಪಟ್ಟಿ, ಅಂದರೆ ಅಡ್ಡ ಕಚ್ಚುಗಳಿರುವ ಪೀಠ, ಎಲ್ಲೆಡೆ ಹರಡಿತು. ಆದರೆ ಕಚ್ಚುಗಳ ನಡುವಿನ ಅಂತರಕ್ಕೆ ಒಂದು ಖಚಿತ ನಿಯಮವಿರಲಿಲ್ಲ. ಕೊನೆಗೆ 1995ರ ಫೆಬ್ರುವರಿಯಲ್ಲಿ ಅಮೆರಿಕದ ಸೈನ್ಯ ನ್ಯೂಜೆರ್ಸಿಯ ಪಿಕಟಿನಿ ಆಯುಧಾಗಾರದ ಹೆಸರಿನ ಅಳತೆಯನ್ನು ಗೊತ್ತುಮಾಡಿತು. ಕಚ್ಚಿನ ಅಗಲ 5.23 ಮಿಲಿಮೀಟರ್, ಒಂದರ ನಡುವಿನಿಂದ ಮತ್ತೊಂದರ ನಡುವಿಗೆ 10.01 ಮಿಲಿಮೀಟರ್. ಯಾವ ಕಾರ್ಖಾನೆಯದೇ ಆಗಲಿ, ಈ ಅಳತೆಗೆ ಮಾಡಿದ ಹಿಡಿಕೆ ಈ ಪೀಠದ ಮೇಲೆ ಕೂರುತ್ತದೆ.

ಇಂದಿನ ಕ್ರಮ

ಇಂದು ಈ ಕೆಲಸ ಮಾಡುವವರ ಕ್ರಮದಲ್ಲಿ ಈ ಇಡೀ ಚರಿತ್ರೆ ಅಡಗಿದೆ. ಮೊದಲು ರೈಫಲ್ ಖಾಲಿಯಿದೆಯೆಂದು ಖಚಿತಮಾಡಿಕೊಳ್ಳುತ್ತಾರೆ. ಪೀಠದ ಮೊಳೆಗಳ ಎಣ್ಣೆಯಂಶ ಒರೆಸಿ, ಅದುರಿಗೆ ಸಡಿಲವಾಗದಂತೆ ಅಂಟು ಸವರಿ ಬಿಗಿಯುತ್ತಾರೆ. ಇದು ರೇಜರ್ ಬ್ಲೇಡಿನ ಪಾಠ. ದೂರದರ್ಶಕವನ್ನು ಬಳೆಗಳಲ್ಲಿ ಸಡಿಲವಾಗಿಟ್ಟು, ಕೆನ್ನೆ ಒರಗಿಸಿ, ಪೂರ್ಣ ದೃಶ್ಯ ಕಾಣುವಲ್ಲಿಗೆ ಹಿಂದೆಮುಂದೆ ಸರಿಸುತ್ತಾರೆ. ಸಾಮಾನ್ಯವಾಗಿ ಕಣ್ಣಿನಿಂದ ಎಂಟು ಒಂಬತ್ತು ಸೆಂಟಿಮೀಟರ್ ದೂರ. ಇದು ಕಪ್ಪುಗಟ್ಟಿದ ಕಣ್ಣಿನ ಪಾಠ. ನೆಟ್ಟಗೆರೆ ನಿಜಕ್ಕೂ ನೆಟ್ಟಗಿದೆಯೇ ಎಂದು ತೂಗುಗುಂಡಿನ ದಾರಕ್ಕೆ ಹೋಲಿಸುತ್ತಾರೆ, ಗಾರೆಯವರು ಗೋಡೆ ನೋಡುವಂತೆ. ಬಳೆಯ ಮೊಳೆಗಳನ್ನು ಒಂದೇ ಪಕ್ಕ ಬಿಗಿಯದೆ, ಕಾರಿನ ಚಕ್ರದ ನಟ್ಟು ಹಾಕುವ ಹಾಗೆ ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯುತ್ತಾರೆ. ಅತಿಯಾಗಿ ಬಿಗಿದರೆ ಕೊಳವೆಯೇ ನುಗ್ಗಾಗುತ್ತದೆ. ಅದಕ್ಕಾಗಿ ಬಲ ಅಳೆಯುವ ಸ್ಪಾನರ್ ಇದೆ. ಕಡೆಗೆ ಗುರಿಫಲಕದ ಮೇಲೆ ಹೊಡೆದು ಹೊಂದಿಸುವುದು. ಇದು ಲಿಂಗೆಮ್ ಶಾಲೆಯ ಪಾಠ. ಇದನ್ನು ಬಿಟ್ಟರೆ ಮೊದಲಿನದೆಲ್ಲ ವ್ಯರ್ಥ.

ಒಲಿಂಪಿಕ್ಸ್‌ನ ರೈಫಲ್ ಸ್ಪರ್ಧೆಗಳಲ್ಲಿ ದೂರದರ್ಶಕಕ್ಕೆ ಅವಕಾಶವಿಲ್ಲ; ಅಲ್ಲಿ ಬಳಸುವುದು ಸಣ್ಣ ರಂಧ್ರದ ಗುರಿನೋಟ. ಆದರೆ ಜೋಡಣೆಯ ನಿಯಮ ಅಲ್ಲಿಯೂ ಅದೇ. 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಅಂತಿಮ ಸುತ್ತಿಗೆ ಮುನ್ನ ಅಭಿನವ್ ಬಿಂದ್ರಾ ಹಾರಿಸಿದ ಪ್ರಯೋಗದ ಗುಂಡು ಹತ್ತರ ಬಳಿ ಬೀಳುವ ಬದಲು ದೂರ ಸರಿದು ಬಿತ್ತು. ಗುರಿನೋಟ ಕದಲಿತ್ತು. ಅವರು ಗಾಬರಿಯಾಗದೆ, ಉಳಿದ ಕೆಲವೇ ನಿಮಿಷಗಳಲ್ಲಿ ಅದನ್ನು ಮತ್ತೆ ಹೊಂದಿಸಿಕೊಂಡರು. ಆ ಮೇಲಿನದು ದೇಶಕ್ಕೆಲ್ಲ ಗೊತ್ತು: ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ.

ಚರಿತ್ರೆ ಸಾಮಾನ್ಯವಾಗಿ ಮಸೂರ ಕಂಡುಹಿಡಿದವನನ್ನು ನೆನೆಯುತ್ತದೆ. ಅದನ್ನು ಭದ್ರವಾಗಿ ಕೂರಿಸಿದವನ ಹೆಸರು ಎಲ್ಲೂ ಇರುವುದಿಲ್ಲ. ಕಂದಕದ ಕತ್ತಲಲ್ಲಿ ಸಿಲುಕಿದ ಆ ಸೈನಿಕರಿಗೆ ಒಳ್ಳೆಯ ಗಾಜಿನ ಕೊರತೆಯಷ್ಟೇ, ಗಾಜಿಗೂ ಉಕ್ಕಿಗೂ ನಡುವಿನ ಕೀಲನ್ನು ಪರೀಕ್ಷಿಸುವ ವ್ಯವಧಾನದ ಕೊರತೆಯೂ ಮುಳುವಾಯಿತು. ಅಂಥ ಕೀಲುಗಳು ಕೋವಿಯಲ್ಲಿ ಮಾತ್ರವಲ್ಲ, ಸೇತುವೆಯಲ್ಲಿ, ಬಸ್ಸಿನ ಚಕ್ರದಲ್ಲಿ, ಆಸ್ಪತ್ರೆಯ ಯಂತ್ರದಲ್ಲಿ ಎಲ್ಲೆಲ್ಲೂ ಇವೆ. ಅವು ಬಿಗಿಯಾಗಿರುವಷ್ಟು ದಿನ ಯಾರ ಕಣ್ಣಿಗೂ ಬೀಳುವುದಿಲ್ಲ.